ಆಡಿಬಿಟ್ಟ ಮಾತು

ದಿನ, ತಿಥಿ, ಶಕುನ ಕೇಳಲು ಬಂದವರನ್ನು ಶರಣರ ವಿಚಾರ ಹೇಳಿ ಹಿಂದಕ್ಕೆ ಕಳಿಸುವವನು ನಾನು. ಅಂಥ ನಾನೇ ಒಮ್ಮೆ ಭವಿಷ್ಯ ನುಡಿದು ಕೆಟ್ಟೆ.

2016ರ ಮೇ 29. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಅಂತಿಮ ಪಂದ್ಯ. ನಿಡಘಟ್ಟದ ನಮ್ಮ ಪಡಸಾಲೆಯಲ್ಲಿ ನೆರೆಯ ಹುಡುಗರೆಲ್ಲ ಟಿ.ವಿ.ಯ ಮುಂದೆ ನೆರೆದಿದ್ದರು. ಹೈದರಾಬಾದಿನವರ ಮೊತ್ತ 208. ನಮ್ಮವರಾದರೋ, ಗೇಲ್ ಮತ್ತು ಕೊಹ್ಲಿಯರ ಜೊತೆಯಾಟದಲ್ಲಿ ಹನ್ನೊಂದು ಓವರ್ ತುಂಬುವ ಮೊದಲೇ ವಿಕೆಟ್ ನಷ್ಟವಿಲ್ಲದೆ 114!

"ಬುದ್ಧಿ, ಗೆಲ್ತೀವಾ?" ಎಂದನೊಬ್ಬ ಹುಡುಗ.

"ಸಂದೇಹವೇ ಬೇಡಪ್ಪ" ಎಂದೆ.

ಅವನು ಎದ್ದು ಹೊರಗೆ ಹೋಗಿಬಂದುದನ್ನು ನಾನು ಗಮನಿಸಲಿಲ್ಲ. 76 ರನ್ ಹೊಡೆದಿದ್ದ ಗೇಲ್ ಔಟಾದರು, 54ಕ್ಕೆ ಕೊಹ್ಲಿಯೂ. ನಮ್ಮವರು 200ಕ್ಕೆ ನಿಂತರು. ಎಂಟು ರನ್ನುಗಳ ಸೋಲು.

ನನ್ನ ಮಾತು ನಂಬಿ ಅವನು ಬಾಜಿ ಕಟ್ಟಿದ್ದನೆಂದು ಮರುದಿನ ತಿಳಿಯಿತು. ಹೋದದ್ದು ತಾಯಿಯ ಹಾಲಿನ ಡೇರಿಯ ಬಟವಾಡೆ ಹಣ. ಅಷ್ಟನ್ನೂ ಕೊಡಹೋದೆ. ಆ ತಾಯಿ ಕೈಚಾಚಲಿಲ್ಲ. "ನೀವೇ ಹೇಳಿದ್ರಂತಲ್ಲ ಬುದ್ಧಿ" ಎಂದರಷ್ಟೆ. ಮಠದಲ್ಲಿ ವರ್ಷಗಟ್ಟಲೆ ವ್ಯಾಕರಣ ಓದಿದವನಿಗೆ 'ಗೆಲ್ಲಬಹುದು' ಮತ್ತು 'ಗೆಲ್ಲುತ್ತಾರೆ' ಇವೆರಡರ ಅಂತರ ತಿಳಿಯಬಾರದಿತ್ತೇ? ಹುಡುಗ ಆಟವನ್ನು ನಂಬಿರಲಿಲ್ಲ, ಹಿರಿಯನೊಬ್ಬನ ಮಾತನ್ನು ನಂಬಿದ್ದ.

2025ರ ಜೂನ್ 3ರಂದು ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ನಮ್ಮವರ ಮೊತ್ತ 190 ಆದಾಗ, ಇದು ಸಾಲದು, ಸೋತರು ಎಂದೇ ಮನಸ್ಸಿನಲ್ಲಿ ನಿಶ್ಚಯಿಸಿದ್ದೆ. ಆರು ರನ್ನುಗಳಿಂದ ಗೆದ್ದರು! ಆಟದ ನಡುವೆ ಅದೇ ಹುಡುಗ ಫೋನಿನಲ್ಲಿ ನಗುತ್ತ, "ಏನಂತೀರಿ ಬುದ್ಧಿ?" ಎಂದಿದ್ದ.

"ಊಟವಾಯಿತೇನಪ್ಪ?" ಎಂದಿದ್ದೆ.