ಎಲೆಯ ಮುಂದೆ ಕೂತವರು

ನಿವೃತ್ತಿಯ ನಂತರ ಮನುಷ್ಯನಿಗೆ ಯಾವುದಾದರೊಂದು ಹುಚ್ಚು ಬೇಕು ಎನ್ನುತ್ತಾರೆ. ನನಗೆ ಹಿಡಿದದ್ದು ಹಕ್ಕಿಗಳ ಹುಚ್ಚು. ಮಗಳು ಕೊಡಿಸಿದ ಹೊಸ ಕೆಮರಾಕ್ಕೆ 100ರಿಂದ 400 ಮಿಲಿಮೀಟರಿನ ಝೂಮ್ ಲೆನ್ಸ್ ಇದೆ. ತೂಕದಲ್ಲಿ ಅದು ಊರ ಮನೆಯ ಗುಂಡುಕಲ್ಲಿನ ತಮ್ಮ. ಕೊರಳಿಗೆ ಹಾಕಿಕೊಂಡು ಲೋಕಲ್ ಗಾಡಿ ಹತ್ತಿದರೆ, ಪತ್ರಿಕೆಯವನೆಂದು ಬಗೆದು ಜನ ಜಾಗ ಬಿಡುತ್ತಾರೆ!

ಮುಂಬಯಿಯಲ್ಲಿ ಕಾಗೆ, ಪಾರಿವಾಳ ಬಿಟ್ಟರೆ ಹಕ್ಕಿ ಎಲ್ಲಿ ಎನ್ನಬೇಡಿ. ಠಾಣೆಯ ಖಾಡಿಗೆ ನವೆಂಬರದ ಸುಮಾರಿಗೆ ರಾಜಹಂಸಗಳು ಸಾವಿರಗಟ್ಟಲೆ ಬಂದಿಳಿದು ಬೇಸಿಗೆಯವರೆಗೂ ಇರುತ್ತವೆ. 2015ರಲ್ಲಿ ಇಲ್ಲಿ ಅವುಗಳಿಗಾಗಿ ಅಭಯಾರಣ್ಯವಾಯಿತು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಐರೋಲಿಯಿಂದ ಹಕ್ಕಿ ನೋಡುವವರ ದೋಣಿ ಹೊರಡುತ್ತದೆ. ಅದರ ವೇಳೆಯನ್ನು ಗೊತ್ತುಮಾಡುವುದು ಉಬ್ಬರ ಇಳಿತ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ.

ಅಲುಗಾಡುವ ದೋಣಿಯಲ್ಲಿ ಮುಕ್ಕಾಲಿ ಸ್ಟ್ಯಾಂಡು ಉಪಯೋಗಕ್ಕೆ ಬಾರದು. ಷಟರಿನ ವೇಗ ಸೆಕೆಂಡಿನ 1/1000ಕ್ಕಿಂತ ನಿಧಾನವಾಗದಂತೆ ನೋಡಿಕೊಳ್ಳಬೇಕು. ಬಿಳಿಯ ಗರಿ ಸುಣ್ಣ ಬಳಿದಂತಾಗದಿರಲು ಬೆಳಕನ್ನು ತುಸು ತಗ್ಗಿಸಬೇಕು. ಇಷ್ಟನ್ನು ಯಾರಾದರೂ ಕಲಿತಾರು. ಕಷ್ಟವಿರುವುದು ಬೇರೆ ಕಡೆ.

ಹಿಂಡು ಕಂಡೊಡನೆ ದೋಣಿಯಲ್ಲಿದ್ದವರದೆಲ್ಲ ಒಂದೇ ಮಾತು: "ಔರ್ ಥೋಡಾ ಆಗೇ, ಭೈಯಾ!" ಹತ್ತಿರ ಹೋದರೆ ಹಕ್ಕಿಗಳು ಏಳುತ್ತವೆ, ಕೆಂಪು ಕಪ್ಪು ರೆಕ್ಕೆಗಳು ಒಮ್ಮೆಲೇ ಬಿಚ್ಚಿಕೊಳ್ಳುತ್ತವೆ. ಎಲ್ಲರಿಗೂ ಬೇಕಾದ ಚಿತ್ರ ಅದು. ನನಗೂ ಬೇಕು, ಸುಳ್ಳೇಕೆ?

ಆದರೆ ರಾಜಹಂಸದ ಊಟದ ಕ್ರಮ ನೋಡಿ. ತಲೆಯನ್ನು ಕೆಳಗೆ ಮಾಡಿ, ಕೊಕ್ಕನ್ನು ನೀರಿನಲ್ಲಿ ಮಗುಚಿ ಹಿಡಿದು, ಜರಡಿಯಂತೆ ಸೋಸಿ ಪಾಚಿಯನ್ನೂ ಸಣ್ಣ ಜೀವಿಗಳನ್ನೂ ನುಂಗುತ್ತದೆ. ಅದರ ಗುಲಾಬಿ ಬಣ್ಣವೂ ಈ ಆಹಾರದಿಂದಲೇ ಬಂದದ್ದು. ಉಬ್ಬರವೇರಿ ಕೆಸರು ಮುಳುಗಿತೆಂದರೆ ಪಂಕ್ತಿ ಮುಗಿಯಿತು. ಹಾರಬೇಕಾದರೆ ಮೊದಲು ಒಂದಷ್ಟು ದೂರ ಓಡಲೂ ಬೇಕು. ನಾವು ಎಬ್ಬಿಸಿದಾಗಲೆಲ್ಲ ಊಟದ ಹೊತ್ತೂ ಹೋಯಿತು, ಉಂಡದ್ದೂ ಕರಗಿತು.

ಎಲೆಯ ಮುಂದೆ ಕೂತವರನ್ನು ಎಬ್ಬಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಲ್ಲದೆ, ದೂರದ್ದನ್ನು ಹತ್ತಿರ ತರಲೆಂದೇ ಇಷ್ಟು ಹಣ ಸುರಿದು ಲೆನ್ಸ್ ಕೊಂಡ ಮೇಲೆ ದೋಣಿಯನ್ನೂ ಹತ್ತಿರಕ್ಕೆ ಒಯ್ಯುವುದೇಕೆ? ಅಲ್ಲಿಯೇ ನಿಲ್ಲಿಸಲು ದೋಣಿಯವನಿಗೆ ಹೇಳಿದೆ. ಅವನಿಗೂ ಅದೇ ಬೇಕಾಗಿತ್ತೇನೋ, ಥಟ್ಟನೆ ಎಂಜಿನ್ ಆರಿಸಿದ. ಕೊಟ್ಟ ದುಡ್ಡು ದಂಡವಾಯಿತೆಂದು ಪಕ್ಕದ ಹುಡುಗ ಗೊಣಗಿದ. ಲೆನ್ಸನ್ನು 400ಕ್ಕೆ ತಿರುಗಿಸಿ ಕೆಮರಾವನ್ನು ಅವನ ಕೈಗೇ ಕೊಟ್ಟೆ. ಕಣ್ಣಿಟ್ಟವನು ಬಹಳ ಹೊತ್ತು ತೆಗೆಯಲಿಲ್ಲ. "ಅಂಕಲ್, ಕೊಕ್ಕಿನಿಂದ ನೀರು ತೊಟ್ಟಿಕ್ಕುವುದೂ ಕಾಣುತ್ತದೆ" ಎಂದು ಹಿಂದಿಯಲ್ಲಿ ಪಿಸುಗುಟ್ಟಿದ. ಆಮೇಲೆ ಯಾರೂ ಮುಂದೆ ಹೋಗೋಣವೆನ್ನಲಿಲ್ಲ.

ಆ ದಿನದ ಚಿತ್ರವೊಂದನ್ನು ದೊಡ್ಡದಾಗಿ ಮುದ್ರಿಸಿ ತಂದೆ. ನನ್ನಾಕೆ ಕನ್ನಡಕ ಏರಿಸಿಕೊಂಡು ನೋಡಿ, "ಇದೇನ್ರೀ, ಒಂದಕ್ಕೂ ತಲೆಯೇ ಇಲ್ಲ!" ಎಂದಳು.

"ಊಟಕ್ಕೆ ಕೂತಿವೆ ಕಣೇ" ಎಂದೆ.

"ಹಾಗೆ ಹೇಳಿ ಮತ್ತೆ" ಎಂದವಳೇ ಅದನ್ನು ಅಡಿಗೆಮನೆಯ ಗೋಡೆಗೆ ತೂಗುಹಾಕಿದಳು.