ಯಂತ್ರದ ಭಾಷೆ ಬದಲಾದಾಗ

ವ್ಯಾಕರಣ, ಛಂದಸ್ಸುಗಳನ್ನು ಪಾಠ ಹೇಳುತ್ತ ಬಂದ ಕನ್ನಡ ಪಂಡಿತನು ಗಣಕಯಂತ್ರದ ವಿಷಯವಾಗಿ ಲೇಖನಿ ಹಿಡಿಯುವುದು ಕೆಲವರಿಗೆ ಅಚ್ಚರಿಯೆನಿಸಬಹುದು. ಆದರೆ ನಾನು ಹೇಳಹೊರಟಿರುವ ಸಂಗತಿಯು ಮೂಲದಲ್ಲಿ ಭಾಷೆಯ ಸಂಗತಿಯೇ ಆಗಿರುವುದರಿಂದ ಈ ಸಾಹಸಕ್ಕೆ ಕೈಹಾಕಿದ್ದೇನೆ.

ನಮ್ಮ ಶಾಲೆಯ ಕಪಾಟಿನಲ್ಲಿ ಗಮಕಿಗಳ ಭಾರತವಾಚನವನ್ನು ಹಿಡಿದಿಟ್ಟ ಕ್ಯಾಸೆಟ್ಟುಗಳಿವೆ. ನನಗೆ ಕಾವ್ಯಪಾಠ ಹೇಳಿದ ಗುರುಗಳ ಕಂಠವೂ ಅವುಗಳಲ್ಲಿದೆ. ಅವರು ಇಂದಿಲ್ಲ, ಆ ಕಂಠಕ್ಕೆ ಬೇರೆ ಪ್ರತಿಯೂ ಇಲ್ಲ. ಅದನ್ನು ಗಣಕಕ್ಕೆ ಇಳಿಸಲೆಂದು ಹಳೆಯ ವಿದ್ಯಾರ್ಥಿಯೊಬ್ಬರು ಎರಡು ಆಡಿಯೊ ಇಂಟರ್‌ಫೇಸುಗಳನ್ನು ದಾನವಾಗಿ ನೀಡಿದ್ದರು. ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ ಯುಎಸ್‌ಬಿ ತಂತಿಯ ಮೂಲಕ ಗಣಕಕ್ಕೆ ಒಪ್ಪಿಸುವುದು ಈ ಪೆಟ್ಟಿಗೆಗಳ ಕಾರ್ಯ. ಹಳೆಯ ಮ್ಯಾಕ್ ಗಣಕದ ಸ್ಥಾನಕ್ಕೆ ಹೊಸದು ಬಂದಾಗ ಒಂದು ಪೆಟ್ಟಿಗೆ ಮೊದಲಿನಂತೆಯೇ ದುಡಿಯಿತು; ಇನ್ನೊಂದು ದೀಪ ಬೆಳಗಿಸಿಕೊಂಡು ಮೌನವಾಗಿ ಕುಳಿತಿತು. ಎರಡರಲ್ಲಿ ಯಾವುದೂ ಕೆಟ್ಟಿರಲಿಲ್ಲ. ಹಾಗಾದರೆ ಈ ಭೇದಕ್ಕೆ ಕಾರಣವೇನು?

ಪ್ರತಿಯೊಂದು ಪ್ರೊಸೆಸರಿಗೂ ತಾನು ಅರಿಯುವ ಆಜ್ಞಾಭಾಷೆಯೊಂದುಂಟು. ಇಂಟೆಲ್ ಪ್ರೊಸೆಸರಿನ ಗಣಕವನ್ನು ಬಿಟ್ಟು ಎಎಂಡಿ ಪ್ರೊಸೆಸರಿನದನ್ನು ತಂದರೆ ಆ ಭಾಷೆ ಬದಲಾಗದು. ಎರಡೂ ಎಕ್ಸ್86 ಎಂಬ ಒಂದೇ ಕುಲದವು. ಆದುದರಿಂದ ಹಳೆಯ ಡ್ರೈವರುಗಳು ಸಾಮಾನ್ಯವಾಗಿ ನಡೆಯುತ್ತವೆ. ಆದರೆ 2020ರ ನವೆಂಬರಿನಲ್ಲಿ ಆಪಲ್ ಸಂಸ್ಥೆಯು ಎಂ1 ಪ್ರೊಸೆಸರಿನ ಮ್ಯಾಕ್‌ಗಳನ್ನು ಹೊರತಂದಾಗ ಭಾಷೆಯೇ ಬದಲಾಯಿತು. ಎಕ್ಸ್86 ಇದ್ದಲ್ಲಿ ಆರ್ಮ್ ಬಂದಿತು.

ಹಳೆಯ ತಂತ್ರಾಂಶಗಳು ಅನಾಥವಾಗಬಾರದೆಂದು ಆ ಸಂಸ್ಥೆಯು ರೊಸೆಟಾ 2 ಎಂಬ ಅನುವಾದಕನನ್ನು ನೇಮಿಸಿತು. ಬರೆಯುವ, ಎಣಿಸುವ, ಹಾಡು ಕೇಳಿಸುವ ಸಾಮಾನ್ಯ ತಂತ್ರಾಂಶಗಳು ಅವನ ನೆರವಿನಿಂದ ನಡೆದವು. ಡ್ರೈವರಿನ ಸ್ಥಿತಿ ಬೇರೆ. ಅದು ಪೆಟ್ಟಿಗೆಗೂ ಗಣಕಕ್ಕೂ ನಡುವೆ ನಿಲ್ಲುವ ದುಭಾಷಿ. ಹಳೆಯ ಡ್ರೈವರುಗಳಲ್ಲಿ ಅನೇಕವು ಕರ್ನೆಲ್ ಎಂಬ ಒಳಮನೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದವು. ರೊಸೆಟಾಗೆ ಹೊರಜಗಲಿಯಲ್ಲಿ ಮಾತ್ರ ಆಸನ, ಒಳಮನೆಗೆ ಪ್ರವೇಶವಿಲ್ಲ. ಅಂತಹ ಡ್ರೈವರನ್ನು ತಯಾರಕರೇ ಆರ್ಮ್ ಭಾಷೆಗೆ ಹೊಂದಿಸಿಕೊಡಬೇಕು. ಹಾಗೆ ಕೊಟ್ಟರೂ ಬಳಕೆದಾರನು ಗಣಕದ ಭದ್ರತೆಯ ಮಟ್ಟವನ್ನು ತಗ್ಗಿಸಿದಲ್ಲದೆ ಅದು ಒಳಗೆ ಸೇರದು. ಆರ್ಮ್ ಪ್ರೊಸೆಸರಿನ ಮೇಲೆ ನಡೆಯುವ ವಿಂಡೋಸ್‌ನಲ್ಲಿಯೂ ಡ್ರೈವರುಗಳು ಆರ್ಮ್ ಭಾಷೆಯವೇ ಆಗಿರಬೇಕು.

ಹಾಗಿದ್ದರೆ ಮೊದಲನೆಯ ಪೆಟ್ಟಿಗೆ ಬದುಕಿದುದು ಹೇಗೆ? ಅದು ಯಾರ ಖಾಸಗಿ ದುಭಾಷಿಯನ್ನೂ ನಂಬಿರಲಿಲ್ಲ. ಯುಎಸ್‌ಬಿ ಧ್ವನಿಸಾಧನಗಳಿಗೆಂದು 1998ರಲ್ಲಿ ಸಾಮಾನ್ಯ ಸೂತ್ರಗಳು ಹೊರಬಂದಿದ್ದವು. ಅವುಗಳಿಗೆ ಒಳಪಟ್ಟ ಸಾಧನಗಳೊಡನೆ ಮಾತನಾಡುವ ಡ್ರೈವರು ಕಾರ್ಯಾಚರಣ ವ್ಯವಸ್ಥೆಯಲ್ಲಿಯೇ ಅಡಕವಾಗಿರುತ್ತದೆ. ಪ್ರೊಸೆಸರು ಬದಲಾದಾಗ ವ್ಯವಸ್ಥೆಯೊಡನೆ ಅದೂ ಹೊಸ ಭಾಷೆಗೆ ಬರುತ್ತದೆ. ಎರಡನೆಯ ಪೆಟ್ಟಿಗೆ ತಯಾರಕರ ಸ್ವಂತ ಸಂಕೇತಗಳನ್ನೇ ನಂಬಿತ್ತು. ಆ ಮಾದರಿಗೆ ಹೊಸ ಡ್ರೈವರನ್ನು ಅವರು ಹೊರತರಲಿಲ್ಲ.

ಉತ್ತರ ಕರ್ನಾಟಕದ ಹಳೆಯ ಮನೆತನಗಳಲ್ಲಿ ಮೋಡಿ ಲಿಪಿಯ ಕಾಗದಪತ್ರಗಳು ಇಂದಿಗೂ ಇವೆ. ಕಾಗದ ಗಟ್ಟಿ, ಮಸಿ ಅಚ್ಚಳಿಯದು. ಓದಬಲ್ಲವರು ಮಾತ್ರ ವಿರಳ. ನಮ್ಮ ಪೆಟ್ಟಿಗೆಯ ಪಾಡೂ ಅದೇ. ಅದನ್ನು ಗುಜರಿಗೆ ಹಾಕಬೇಕೆಂದು ಕೆಲವರು ಸೂಚಿಸಿದರು. ನಾನು ಒಪ್ಪಲಿಲ್ಲ. ಹಳೆಯ ಇಂಟೆಲ್ ಗಣಕವನ್ನೂ ಅದನ್ನೂ ಜೊತೆಯಾಗಿರಿಸಿ, ಅಂತರ್ಜಾಲಕ್ಕೆ ಜೋಡಿಸದೆ, ಕ್ಯಾಸೆಟ್ಟುಗಳ ಕೆಲಸಕ್ಕಷ್ಟೇ ಮೀಸಲಾಗಿಟ್ಟಿದ್ದೇವೆ. ಹೊಸ ಗಣಕದ ಬಳಿ ಮೊದಲನೆಯ ಪೆಟ್ಟಿಗೆ ದುಡಿಯುತ್ತಿದೆ. ಇಳಿಸಿದ ಧ್ವನಿಯನ್ನು ಎಲ್ಲ ಗಣಕಗಳೂ ಅರಿಯುವ ವೇವ್ ಕಡತಗಳಾಗಿ ಕಾಪಿಡುತ್ತಿದ್ದೇವೆ. ಕ್ಯಾಸೆಟ್ಟಿನ ಕಾಂತಲೇಪವು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿರುವಾಗ ಹೊಸ ಸಲಕರಣೆಯ ನಿರೀಕ್ಷೆಯಲ್ಲಿ ಕಾಲ ಕಳೆಯುವಂತಿಲ್ಲ.

ವಿದ್ಯಾಸಂಸ್ಥೆಗಳಿಗೆ ಇಂತಹ ಸಾಧನಗಳನ್ನು ನೀಡಲು ಮುಂದಾಗುವ ಮಹನೀಯರಲ್ಲಿ ನನ್ನದೊಂದು ವಿಜ್ಞಾಪನೆ. ಕೊಳ್ಳುವ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳಿರಿ: ಪ್ರತ್ಯೇಕ ಡ್ರೈವರನ್ನು ಸ್ಥಾಪಿಸದೆ ಇದು ನಡೆಯುವುದೆ? ನಡೆಯುವುದೆಂದಾದರೆ, ಗಣಕವು ಎರಡು ಬಾರಿ ಬದಲಾದರೂ ತಮ್ಮ ದಾನವು ಶಾಲೆಯ ಮಕ್ಕಳಿಗೆ ಉಪಯೋಗಕ್ಕೆ ಬರುವ ಸಂಭವ ಹೆಚ್ಚು.