ಇಪ್ಪತ್ತು ದಾಟಿದ ಮೇಲೆ ಗಿಟಾರ್



ಬೋರಾಮಣಿಯ ನಾವು ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದಿದ್ದು ಮರಾಠಿ. ಅಜ್ಜಿಯರ ಎಷ್ಟೋ ಕನ್ನಡ ಭಕ್ತಿಗೀತೆಗಳ ರಾಗ ಅವರ ಬಾಯಲ್ಲೇ ಉಳಿದಿದೆ. ಅದಕ್ಕೇ ಇಪ್ಪತ್ತು ದಾಟಿದ ಮೇಲೂ ಗಿಟಾರ್ ಹಿಡಿದೆವು.

ಮೊದಮೊದಲು ಬೆರಳ ತುದಿ ಉರಿಯಿತು. ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಯಿತು. ಭಾನುವಾರ ಎರಡು ತಾಸು ಕೂರುವುದಕ್ಕಿಂತ ದಿನಾಲೂ 15 ನಿಮಿಷ ನುಡಿಸುವುದು ಮೇಲು. ಜಿ, ಸಿ, ಡಿ ಈ ಮೂರು ಕಾರ್ಡ್ ಬಂದರೆ ಅನೇಕ ಹಾಡುಗಳಿಗೆ ಸಾಕು. ಅಜ್ಜಿಯ ಶ್ರುತಿ ಮೇಲಿದ್ದರೆ ಕೇಪೋ ಹಾಕಿದರಾಯಿತು.

1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ‘ಸೈಲೆಂಟ್ ನೈಟ್’ ಮೊದಲ ಬಾರಿ ಕೇಳಿಬಂದದ್ದೂ ಗಿಟಾರ್ ಜೊತೆಗೇ.

ವಯಸ್ಸಾಯಿತು ಎನ್ನುವವರೂ ಬನ್ನಿ. ಹಾಡು ಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ಕಲಿಯೋಣ.